ಓಹಾಯೊ ಹಿತ್ತಲಿಗೆ ಹಕ್ಕಿ ಬರುವ ಮುಂಚೆ: ಕುಸುಬೆ, ಗುರೆಳ್ಳು, ಬರಗು

ದಾವಣಗೆರೆಯಿಂದ ಜನವರಿಯಲ್ಲಿ ಕೊಲಂಬಸ್‌ಗೆ ಬಂದ ನೀವು ಕೇಳಿದ್ದು ಇಷ್ಟು: ಏಪ್ರಿಲ್ ಅರ್ಧ ಕಳೆದರೂ ಹಿತ್ತಲಿನ ಫೀಡರ್‌ಗೆ (ಹಕ್ಕಿಗೆ ಕಾಳಿಡುವ ಡಬ್ಬಿ) ಗುಬ್ಬಿ ಬಿಟ್ಟು ಬಣ್ಣದ ಹಕ್ಕಿ ಒಂದೂ ಬಂದಿಲ್ಲ. ಕಾಳು ತಪ್ಪೋ, ಜಾಗ ತಪ್ಪೋ?

ಕಾಲವೇ ಇನ್ನೂ ಬಂದಿಲ್ಲ. ನಮ್ಮ ಜೋಳದ ಹೊಲಗಳಿಗೆ ಹಿಂಡುಹಿಂಡಾಗಿ ಇಳಿಯುವ ಗುಲಾಬಿ ಕಬ್ಬಕ್ಕಿ ಈ ಹೊತ್ತಿಗೆ ಮಧ್ಯ ಏಷ್ಯಾದ ಕಡೆ ಹೊರಡುತ್ತದಲ್ಲ, ಹಾಗೆಯೇ ಇಲ್ಲಿಗೆ ಬರಬೇಕಾದವೂ ಈಗ ದಾರಿಯಲ್ಲಿವೆ. ಮಧ್ಯ ಅಮೆರಿಕದಿಂದ ಹೊರಟವು ಎಷ್ಟೋ ಮೆಕ್ಸಿಕೋ ಕೊಲ್ಲಿಯನ್ನು ಒಂದೇ ಉಸಿರಿಗೆ ದಾಟುತ್ತವೆ. ನಿಮ್ಮಲ್ಲಿಗೆ ಏಪ್ರಿಲ್ ಕೊನೆಯ ವಾರದಿಂದ ರೋಸ್-ಬ್ರೆಸ್ಟೆಡ್ ಗ್ರೋಸ್‌ಬೀಕ್, ಬಾಲ್ಟಿಮೋರ್ ಓರಿಯೋಲ್, ಹಮ್ಮಿಂಗ್‌ಬರ್ಡ್ ಬರುತ್ತವೆ. ಕಡುನೀಲಿ ಇಂಡಿಗೋ ಬಂಟಿಂಗ್ ಮೇ ಮೊದಲ ವಾರಕ್ಕೆ. ಗ್ರೋಸ್‌ಬೀಕ್ ಬಹಳ ಹಿತ್ತಲುಗಳಲ್ಲಿ ಕೆಲವೇ ದಿನ ನಿಂತು ಮುಂದೆ ಹೋಗುತ್ತದೆ. ಆದ್ದರಿಂದ ಏಪ್ರಿಲ್ 20ಕ್ಕೆಲ್ಲ ಸಿದ್ಧವಾಗಿರಿ.

ಇನ್ನು ಕಾಳು. ಅಗ್ಗದ ಮಿಶ್ರಣದ ಚೀಲದಲ್ಲಿ ಮೈಲೊ ಎಂದು ಬರೆದಿರುವುದು ಕೆಂಪು ಜೋಳ. ಜೋಳ ಕಂಡರೆ ನಮಗೆ ಒಳ್ಳೆಯದೇ ಅನ್ನಿಸುತ್ತದೆ, ಆದರೆ ಈ ಭಾಗದ ಹಾಡುಹಕ್ಕಿಗಳು ಅದನ್ನು ಕೊಕ್ಕಿನಿಂದ ಕೆಳಗೆ ಚೆಲ್ಲುತ್ತವೆ. ಬಿದ್ದದ್ದಕ್ಕೆ ಇಲಿ, ಪಾರಿವಾಳ ಬರುತ್ತವೆ. ಅದರ ಬದಲು ಬಿಡಿಬಿಡಿಯಾಗಿ ಕೊಳ್ಳಿ. ಎಲ್ಲವೂ ನಿಮಗೆ ಗೊತ್ತಿರುವ ಬೆಳೆಗಳೇ. ಸ್ಯಾಫ್ಲವರ್ ಅಂದರೆ ಕುಸುಬೆ. ಕೆಂಪು ಕಾರ್ಡಿನಲ್ ಹಕ್ಕಿ ಮತ್ತು ಗ್ರೋಸ್‌ಬೀಕ್ ಒಡೆದು ತಿನ್ನುತ್ತವೆ, ಕಾಟ ಕೊಡುವ ಗ್ರ್ಯಾಕಲ್ ಎಂಬ ಕರಿಹಕ್ಕಿ ಮತ್ತು ಅಳಿಲು ಅಷ್ಟಾಗಿ ಮುಟ್ಟುವುದಿಲ್ಲ. ಸಣ್ಣ ಕರಿ ಸೂರ್ಯಕಾಂತಿಯನ್ನು ಅದರೊಂದಿಗೆ ಅರ್ಧಕ್ಕರ್ಧ ಬೆರೆಸಿ. ಬಿಳಿ ಮಿಲೆಟ್ ಅಂದರೆ ಬರಗು, ಬಂಟಿಂಗ್‌ಗೆ ತಟ್ಟೆಯಲ್ಲಿ ತಗ್ಗಾಗಿ ಇಡಿ.

ನೈಜರ್ ಅಂದರೆ ಚಟ್ನಿಪುಡಿಯ ಗುರೆಳ್ಳು! ಇಲ್ಲಿಗೆ ಅದು ಭಾರತ, ಇಥಿಯೋಪಿಯಾಗಳಿಂದ ಬರುತ್ತದೆ. ಜೊತೆಯಲ್ಲಿರಬಹುದಾದ ಕಳೆಬೀಜ ಮೊಳೆಯದಂತೆ ಬಿಸಿ ಕೊಟ್ಟಿರುತ್ತಾರೆ. ಹಳೆಯದಾದರೆ ಹಕ್ಕಿ ಮೂಸುವುದೂ ಇಲ್ಲ. ಉಗುರಲ್ಲಿ ಒತ್ತಿ ನೋಡಿ: ಎಣ್ಣೆ ಜಿನುಗಬೇಕು, ಒಣಪುಡಿಯಾದರೆ ಚೆಲ್ಲಿಬಿಡಿ. ಒಂದೆರಡು ಕೆಜಿಗಿಂತ ಹೆಚ್ಚು ತರಬೇಡಿ. ಇದನ್ನು ತಿನ್ನುವ ಗೋಲ್ಡ್‌ಫಿಂಚ್ ಚಳಿಗಾಲದಲ್ಲಿ ಮಣ್ಣುಬಣ್ಣದ್ದು, ಗಂಡಿಗೆ ಹಳದಿ ಗರಿ ಬರುವುದು ಈಗಲೇ. ನೀವು ಗುಬ್ಬಿ ಎಂದುಕೊಂಡವುಗಳ ಮೈಮೇಲೆ ಹಳದಿ ತೇಪೆ ಇದೆಯೇ ಎಂದು ಒಮ್ಮೆ ನೋಡಿ.

ಓರಿಯೋಲ್‌ಗೆ ಕಿತ್ತಳೆ ಹಣ್ಣನ್ನು ಅಡ್ಡಲಾಗಿ ಕೊಯ್ದು ಮೊಳೆಗೆ ಸಿಕ್ಕಿಸಿ, ದ್ರಾಕ್ಷಿ ಜೆಲ್ಲಿ ಒಂದು ಚಮಚ ಸಾಕು. ಬಟ್ಟಲು ತುಂಬಿದರೆ ಗರಿಗೆ ಅಂಟುತ್ತದೆ. ಹಮ್ಮಿಂಗ್‌ಬರ್ಡ್‌ಗೆ 1 ಕಪ್ ಬಿಳಿ ಸಕ್ಕರೆ, 4 ಕಪ್ ನೀರು. ಬೆಲ್ಲ ಆರೋಗ್ಯಕರ ಎಂದು ಹಾಕಲು ಹೋಗಬೇಡಿ: ಅದರಲ್ಲಿರುವ ಕಬ್ಬಿಣಾಂಶ ಆ ಪುಟ್ಟ ಜೀವಕ್ಕೆ ಕೆಡುಕು. ಜೇನು ಬೇಗ ಹುಳಿಯುತ್ತದೆ, ಕೆಂಪು ಬಣ್ಣ ಬೇಡವೇ ಬೇಡ. ಬಿಸಿಲು ಏರಿದ ಮೇಲೆ 2–3 ದಿನಕ್ಕೊಮ್ಮೆ ತೊಳೆದು ಹೊಸದು ತುಂಬಿ. ಉಪ್ಪು ಶೇಂಗಾ, ಮಂಡಕ್ಕಿ ಯಾವ ಹಕ್ಕಿಗೂ ಬೇಡ.

ಜಾಗದ ತಪ್ಪು ಜೀವ ತೆಗೆಯುತ್ತದೆ. ಫೀಡರ್ ಕಿಟಕಿಯಿಂದ 1 ಮೀಟರ್ ಒಳಗಿರಲಿ, ಇಲ್ಲವೇ 10 ಮೀಟರ್ ಆಚೆ. ನಡುವಿನ ದೂರದಿಂದ ಹೆದರಿ ಹಾರಿದ ಹಕ್ಕಿ ಗಾಜಿಗೆ ಪೂರ್ತಿ ವೇಗದಲ್ಲಿ ಬಡಿಯುತ್ತದೆ. ಗಾಜಿನ ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಚುಕ್ಕಿ ಅಂಟಿಸಿ. ಎರಡು ವಾರಕ್ಕೊಮ್ಮೆ 1 ಪಾಲು ಬ್ಲೀಚ್, 9 ಪಾಲು ನೀರಿನಲ್ಲಿ ಫೀಡರ್ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿಯೇ ಕಾಳು ಹಾಕಿ. ಒದ್ದೆ ಕಾಳು ಬೂಷ್ಟು ಹಿಡಿಯುತ್ತದೆ, ಸಾಲ್ಮೊನೆಲ್ಲಾ ಎಂಬ ರೋಗಾಣು ಹಬ್ಬುವುದೂ ಕೊಳೆ ಫೀಡರ್‌ನಿಂದಲೇ.

ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ, ತೆಂಕಣ ಗಾಳಿ ಬೀಸಿದಾಗ ಹೆಚ್ಚು. ಯಾವ ರಾತ್ರಿ ಎಷ್ಟು ಬರಬಹುದೆಂದು ಬರ್ಡ್‌ಕಾಸ್ಟ್ ಎಂಬ ಜಾಲತಾಣ ಮುನ್ಸೂಚನೆ ಕೊಡುತ್ತದೆ. ಅಂಥ ರಾತ್ರಿ ಹೊರಗಿನ ದೀಪ ಆರಿಸಿ. ನಡುರಾತ್ರಿಯ ಮೇಲೆ ಮಳೆ ಹಿಡಿದರೆ ದಣಿದವು ಕೆಳಗಿಳಿಯುತ್ತವೆ. ಬೆಳಗಿನ ಆರಕ್ಕೆ ತಟ್ಟೆ ತುಂಬಿರಲಿ.

ವಾರ್ಬ್ಲರ್ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಮಾತ್ರ ಕಾಳಿಟ್ಟು ಕಾಯಬೇಡಿ, ಅವುಗಳ ಮುಖ್ಯ ಆಹಾರ ಹುಳ. ಆಳವಿಲ್ಲದ ಬೋಗುಣಿಗೆ ಮೇಲಿನಿಂದ ನೀರು ತೊಟ್ಟಿಕ್ಕುವಂತೆ ಮಾಡಿದರೆ ಆ ಸದ್ದಿಗೆ ಬಂದಾವು. ಹತ್ತಿರದಿಂದ ನೋಡಬೇಕಿದ್ದರೆ ಮೇ ಎರಡನೆಯ ವಾರ ಈರಿ ಸರೋವರದ ದಡದ ಮ್ಯಾಗೀ ಮಾರ್ಷ್ ಜೌಗುಪ್ರದೇಶಕ್ಕೆ ಹೋಗಿ. ಸರೋವರ ದಾಟುವ ಮುಂಚೆ ಅವು ಅಲ್ಲಿ ತಂಗಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ.