ಪ್ರತಿಕ್ರಿಯೆ: ಶೇಕಡಾವಾರು ಉಳಿತಾಯವನ್ನು ಕೂಡಿಸಬಹುದೇ?

ಲಾರಿಗೆ ಪಕ್ಕದ ಗಾಳಿ ಫಲಕ (ಗಾಳಿಯ ತಡೆ ತಗ್ಗಿಸಲು ಬದಿಗೆ ಜೋಡಿಸುವ ಹಲಗೆ), ಸಲೀಸಾಗಿ ಉರುಳುವ ಟೈರು ಹಾಗೂ ಸುಧಾರಿತ ಎಂಜಿನ್ ಅಳವಡಿಸಿದರೆ, ತಲಾ ಶೇ. 10ರಂತೆ ಒಟ್ಟು ಶೇ. 30ರಷ್ಟು ಡೀಸೆಲ್ ಉಳಿಯುವುದೇ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ. ಎರಡನೆಯ ಸಾಧನವು ಉಳಿಸುವುದು ಮೊದಲನೆಯದು ಉಳಿಸಿ ಮಿಕ್ಕ ಇಂಧನದಲ್ಲಿ ಮಾತ್ರವಾದ್ದರಿಂದ, 0.9 ಅನ್ನು ಮೂರು ಬಾರಿ ಗುಣಿಸಿದಾಗ ಬರುವ 0.729ರ ಪ್ರಕಾರ ಉಳಿತಾಯವು ಶೇ. 27ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೂ ಆ ಮೂರು ಅಂಕಿಗಳು ನಿಮ್ಮ ಲಾರಿಯ ಓಡಾಟಕ್ಕೆ ಹೊಂದಿದರೆ.

ಹೊಂದುತ್ತವೆಯೇ ಎಂಬುದೇ ಮುಖ್ಯ ಪ್ರಶ್ನೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರಾಗುವ ತಡೆಯ ಕಾಲು ಭಾಗ ಮಾತ್ರ 40ರಲ್ಲಿ ಎದುರಾಗುತ್ತದೆ. ಪದೇಪದೇ ನಿಂತು ಹೊರಡುವ ಕಸದ ಲಾರಿಗೆ ಗಾಳಿ ಫಲಕವು ಹೆಚ್ಚುಕಡಿಮೆ ಬರಿಯ ಭಾರವೇ ಸರಿ. ಅಲ್ಲಿ ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಪಡೆಯುವ ಹೈಬ್ರಿಡ್ ವ್ಯವಸ್ಥೆ ಹೆಚ್ಚು ಸೂಕ್ತ.

ಲೀಟರಿಗೆ ಇಷ್ಟು ಕಿ.ಮೀ. ಎಂಬ ಮೈಲೇಜ್ ಲೆಕ್ಕವೂ ದಾರಿ ತಪ್ಪಿಸುತ್ತದೆ. ಮೈಲೇಜ್ 3ರಿಂದ 4ಕ್ಕೇರಿದರೆ 100 ಕಿ.ಮೀ.ಗೆ 8 ಲೀಟರಿಗೂ ಹೆಚ್ಚು ಉಳಿಯುತ್ತದೆ, 8ರಿಂದ 9ಕ್ಕೇರಿದರೆ ಒಂದೂವರೆ ಲೀಟರೂ ಉಳಿಯದು. ಸರಕು ವಾಹನಗಳಿಗೆ ಒಂದು ಟನ್ ಸರಕನ್ನು ಒಂದು ಕಿ.ಮೀ. ಸಾಗಿಸಲು ತಗಲುವ ಇಂಧನವೇ ತಕ್ಕ ಅಳತೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2010ರ ವರದಿಯೂ ಹೊರೆ ಆಧಾರಿತ ಅಳತೆಯನ್ನೇ ಶಿಫಾರಸು ಮಾಡಿತ್ತು.

ಮಾರಾಟಗಾರರು ತೋರಿಸುವ 'ಮೊದಲು–ನಂತರ' ಅಂಕಿಗಳನ್ನು ನಾನಂತೂ ನೆಚ್ಚುವುದಿಲ್ಲ, ಏಕೆಂದರೆ ಗಾಳಿ, ತಾಪಮಾನ, ಚಾಲಕ ಇವುಗಳಲ್ಲಿ ಯಾವುದು ಬದಲಾದರೂ ಫಲಿತಾಂಶ ಬದಲಾಗುತ್ತದೆ. ಮಾರ್ಪಡಿಸದ ಇನ್ನೊಂದು ಲಾರಿಯನ್ನು ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ, ಅಷ್ಟೇ ಹೊರೆಯೊಂದಿಗೆ ಓಡಿಸಿ, ಎರಡೂ ಲಾರಿಗಳ ಇಂಧನ ಟ್ಯಾಂಕುಗಳನ್ನು ಬಿಚ್ಚಿ ತೂಗಿ ನೋಡಿದ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ.