ಮೇಷ್ಟ್ರನ್ನು ಕೇಳಿ: 2-2ರ ಜಗಳ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು 2025ರ ಭಾರತ-ಇಂಗ್ಲೆಂಡ್ ಟೆಸ್ಟ್ ಕ್ರಿಕೆಟ್ ಸರಣಿಯದ್ದೇ. ಗೆದ್ದಿದ್ದರೆ ಎಲ್ಲರೂ ಪಟಾಕಿ ಹೊಡೆದು ಸುಮ್ಮನಾಗುತ್ತಿದ್ದರು. ಸೋತಿದ್ದರೆ ಬೈದು ಸುಮ್ಮನಾಗುತ್ತಿದ್ದರು. 2-2 ಸಮ ಆಯಿತು ನೋಡಿ, ಯಾರಿಗೂ ಸಮಾಧಾನವಿಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ದೊಡ್ಡ ಆಟಗಾರನಲ್ಲ. ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು, ರಜೆ ದಿನ ಊರಿನ ಮ್ಯಾಚುಗಳಿಗೆ ಸ್ಕೋರ್ ಬರೆದವನು. ಆ ಚಟ ಇನ್ನೂ ಬಿಟ್ಟಿಲ್ಲ. ಈ ಸರಣಿಯ ಐದೂ ಟೆಸ್ಟ್ ಪುಸ್ತಕದಲ್ಲಿ ಬರೆದಿದ್ದೇನೆ. ಮಳೆಗೆ ಕರೆಂಟ್ ಹೋದಾಗ ಮೊಬೈಲ್ ನೋಡಿಕೊಂಡು, ಮೊಬೈಲೂ ಸತ್ತಾಗ ಪಕ್ಕದ ಮನೆಯ ಜೀಪಿನಲ್ಲಿ ಚಾರ್ಜಿಗೆ ಹಾಕಿಕೊಂಡು.

ಪ್ರಶ್ನೆ: ಕರುಣ್ ನಾಯರ್ ಅವರನ್ನು ಕೈಬಿಡಬಾರದು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಎಂಟು ಇನ್ನಿಂಗ್ಸ್ ಸಿಕ್ಕಿತು, ಒಟ್ಟು 205 ರನ್. ಇನ್ನೆಷ್ಟು ಅವಕಾಶ ಬೇಕು ಸರ್? ಕರ್ನಾಟಕದವರು ಅಂತ ಪರ ವಹಿಸುತ್ತಿದ್ದೀರಾ?
– ಕಾಲೇಜು ವಿದ್ಯಾರ್ಥಿ, ನಾಪೋಕ್ಲು

ಲೆಕ್ಕ ಸರಿ ಇದೆ ಮಾರಾಯಾ. 0, 20, 31, 26, 40, 14, 57, 17. ಕೂಡಿದರೆ 205. ಪರ ವಹಿಸಿದ್ದೂ ಸ್ವಲ್ಪ ನಿಜ. ಚೆನ್ನೈಯಲ್ಲಿ 2016ರ ಡಿಸೆಂಬರ್‌ನಲ್ಲಿ ಇದೇ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದವರು, ಮರುವರ್ಷ ಮಾರ್ಚ್ ಆದ ಮೇಲೆ ಎಂಟು ವರ್ಷ ಒಂದು ಟೆಸ್ಟ್ ಕಾಣಲಿಲ್ಲ. ವಿದರ್ಭ ತಂಡಕ್ಕೆ ಹೋಗಿ ರನ್ನಿನ ರಾಶಿ ಹಾಕಿ ವಾಪಸ್ ಬಂದರು. ಅಂಥವರ ಮೇಲೆ ಯಾರಿಗಾದರೂ ಪ್ರೀತಿ ಬರುತ್ತೆ, ಅಲ್ವಾ?

ಪ್ರೀತಿ ಪಕ್ಕಕ್ಕಿಡೋಣ. ಪುಸ್ತಕ ತೆಗೆದು ನೋಡಿದೆ. ಲೀಡ್ಸ್‌ನಲ್ಲಿ ಅವರು ಆರನೇ ನಂಬರ್. ಬರ್ಮಿಂಗ್‌ಹ್ಯಾಮ್ ಮತ್ತು ಲಾರ್ಡ್ಸ್‌ನಲ್ಲಿ ಮೂರನೇ ನಂಬರ್. ಮ್ಯಾಂಚೆಸ್ಟರ್‌ನಲ್ಲಿ ಬೆಂಚು. ಓವಲ್‌ನಲ್ಲಿ ಐದನೇ ನಂಬರ್. ಹೊಸ ಚೆಂಡು ಆಡುವುದೇ ಒಂದು ಕೆಲಸ, ಹಳೇ ಚೆಂಡು ಆಡುವುದೇ ಇನ್ನೊಂದು. ತೋಟದಲ್ಲಿ ಕಾಫಿ ಕುಯ್ಯಲು ಕರೆಸಿ, ಬಂದ ಮೇಲೆ ಮರ ಹತ್ತಿ ಮೆಣಸು ಕುಯ್ಯಿ ಅಂದ ಹಾಗೆ. ಎರಡೂ ಗೊತ್ತಿದ್ದರೂ ಕೈ ಕೂರಲು ಎರಡು ದಿನ ಬೇಕು.

ಹಾಗಂತ ತಪ್ಪೆಲ್ಲ ಆಡಿಸಿದವರದ್ದೇ ಅಲ್ಲ. 20, 31, 26, 40. ಸೊನ್ನೆಗೆ ಔಟಾದವನನ್ನು ಬೈದು ಮರೆಯಬಹುದು. ಕೂತು, ಕಣ್ಣು ಪಳಗಿ, ಆಮೇಲೆ ಔಟಾಗುವವನನ್ನು ಏನು ಮಾಡುವುದು? ಲಾರ್ಡ್ಸ್ ಎರಡನೇ ಇನ್ನಿಂಗ್ಸ್‌ನಲ್ಲಿ ಇಂಗ್ಲೆಂಡ್ ಬೌಲರ್ ಕಾರ್ಸ್ ಚೆಂಡಿಗೆ ಬ್ಯಾಟ್ ಎತ್ತಿ ಬಿಟ್ಟರು. ಅದು ಒಳಗೆ ಬಂದು ಪ್ಯಾಡಿಗೆ ಬಿತ್ತು. ಎಲ್‌ಬಿಡಬ್ಲ್ಯು. 193 ಹೊಡೆದು ಗೆಲ್ಲಬೇಕಾದ ಇನ್ನಿಂಗ್ಸ್ ಅದು. ನಾನು ಪೆನ್ಸಿಲ್ ಕೆಳಗಿಟ್ಟು ಅಂಗಳಕ್ಕೆ ಹೋದೆ.

ಈಗ ಓವಲ್‌ಗೆ ಬನ್ನಿ. ಹಸಿರು ಪಿಚ್, ಮೋಡ, ನಡುನಡುವೆ ಮಳೆ. ಭಾರತ 224ಕ್ಕೆ ಮುಗಿಯಿತು. ಅದರಲ್ಲಿ ಕರುಣ್ 57. ಅವರ ನಂತರದ ದೊಡ್ಡ ಸ್ಕೋರು ಸಾಯಿ ಸುದರ್ಶನ್ ಅವರ 38. ಪಂದ್ಯ ಗೆದ್ದದ್ದು ಎಷ್ಟು ರನ್ನಿಂದ? ಆರು. ಬರ್ಮಿಂಗ್‌ಹ್ಯಾಮ್‌ನಂಥ ಸಪಾಟು ಪಿಚ್ಚಿನ ಎಷ್ಟೋ ಶತಕಗಳಿಗಿಂತ ಈ 57 ನನಗೆ ದೊಡ್ಡದು. ಆ ದಿನದ ಇನ್ನೊಂದು ಸಂಗತಿ ಅಂಕಿಯಲ್ಲಿ ಕಾಣುವುದಿಲ್ಲ. ಕರುಣ್ ಹೊಡೆದ ಚೆಂಡನ್ನು ಬೌಂಡರಿ ಹತ್ತಿರ ತಡೆಯಲು ಹೋಗಿ ಇಂಗ್ಲೆಂಡಿನ ವೋಕ್ಸ್ ಭುಜ ಕಳಚಿಕೊಂಡರು. ಮೂರು ರನ್ ಓಡಿಯಾಗಿತ್ತು. ನಾಲ್ಕನೆಯದಕ್ಕೆ ಕರುಣ್ ಬೇಡ ಅಂದರು. ಆರು ರನ್ನಿಂದ ತೀರ್ಮಾನವಾದ ಪಂದ್ಯದಲ್ಲಿ ಬೇಕೆಂದೇ ಬಿಟ್ಟ ಒಂದು ರನ್ ಅದು. ನನ್ನ ಪುಸ್ತಕದಲ್ಲಿ 3 ಅಂತಲೇ ಇದೆ. ಪಕ್ಕದಲ್ಲಿ ಸಣ್ಣ ನಕ್ಷತ್ರ ಹಾಕಿದ್ದೇನೆ.

ಆಯ್ಕೆ ಮಾಡುವವರನ್ನು ಜಾಸ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಕಾರಣ ಇದೆ. ಒಮ್ಮೆ ತಾಲ್ಲೂಕು ಮಟ್ಟದ ಪಂದ್ಯಕ್ಕೆ ನಾನೇ ತಂಡ ಕಟ್ಟಿದ್ದೆ. ಹಿಂದಿನ ರಾತ್ರಿ ಮಳೆ. ಮ್ಯಾಟಿನ ಕೆಳಗೆ ನೀರು, ಮೊಳೆಗಳು ಸಡಿಲ. ಚೆಂಡು ಒಂದು ಸಲ ಮೊಣಕಾಲಿಗೆ, ಒಂದು ಸಲ ಮೂಗಿಗೆ. ಮೂರನೇ ನಂಬರಿನ ಹುಡುಗ ಮೊದಲ ಪಂದ್ಯದಲ್ಲಿ 4, ಎರಡನೆಯದರಲ್ಲಿ 7. ಫೈನಲಿಗೆ ಅವನನ್ನು ತೆಗೆದೆ. ಕೆಳಗೆ ಬಂದು 38 ಹೊಡೆದವನನ್ನು ಮೇಲೆ ಕಳಿಸಿದೆ. ಅವನು ಎರಡನೇ ಚೆಂಡಿಗೆ ಔಟ್, ನಾವೂ ಔಟ್. ಒಂದು ವಾರ ಕಳೆದು ಪುಸ್ತಕ ತಿರುವಿದಾಗ ಕಂಡಿತು. ಆ 7 ರನ್ನಿಗೆ 31 ಚೆಂಡು. ರನ್ ಬಾರದ ಚೆಂಡಿಗೆ ಹಾಕುವ ಚುಕ್ಕೆ, ಸಾಲು ಸಾಲು. ಹೊಸ ಚೆಂಡಿನ ಹಲ್ಲು ಕಿತ್ತವನು ಅವನೇ. 38 ಹೊಡೆದವನಿಗೆ ಮೂರು ಕ್ಯಾಚ್ ಬಿಟ್ಟಿದ್ದರು, ಅದನ್ನೂ ನಾನೇ ಬರೆದಿದ್ದೆ. ಬರೆದವನೇ ಓದಿರಲಿಲ್ಲ! ಆ ಹುಡುಗ ಈಗ ಪಿಕಪ್‌ನಲ್ಲಿ ಕಾಫಿ ಮೂಟೆ ಸಾಗಿಸುತ್ತಾನೆ. ದಾರಿಯಲ್ಲಿ ಕಂಡರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ಕ್ರಿಕೆಟ್ ಮಾತು ಮಾತ್ರ ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮುಂದಿನ ಟೆಸ್ಟ್ ಸರಣಿ ಬರಲಿ. ನಾನಾದರೆ ಕರುಣ್‌ಗೆ ಐದನೇ ನಂಬರ್ ಅಂತ ಮೊದಲೇ ಹೇಳಿ ಆಡಿಸುತ್ತೇನೆ. ಅಲ್ಲಿಯೂ 30ಕ್ಕೆ ಔಟಾದರೆ ನಿಮ್ಮ ಕಾಗದವನ್ನು ಮತ್ತೆ ಅಚ್ಚು ಹಾಕಿಸುತ್ತೇನೆ.

ಪ್ರಶ್ನೆ: ಲಾರ್ಡ್ಸ್‌ನಲ್ಲಿ ಜಡೇಜ 181 ಚೆಂಡಿಗೆ 61 ಮಾಡಿ ಔಟಾಗದೆ ಉಳಿದರು. ತಂಡ 22 ರನ್ನಿಂದ ಸೋತಿತು. ಕುಟ್ಟುತ್ತಾ ಕೂರುವ ಬದಲು ಬೀಸಬಾರದಿತ್ತೇ? ಅಂಗಡಿಯಲ್ಲಿ ಇದೇ ಜಗಳ, ಎರಡು ದಿನ ವ್ಯಾಪಾರ ಹಾಳು.
– ಕಿರಾಣಿ ಅಂಗಡಿಯವರು, ಕುಶಾಲನಗರ

ವ್ಯಾಪಾರ ಹಾಳಾದದ್ದಕ್ಕೆ ಜಡೇಜರನ್ನು ಹೊಣೆ ಮಾಡಬೇಡಿ.

ಐದನೇ ದಿನ ಊಟದ ಹೊತ್ತಿಗೆ 112ಕ್ಕೆ 8. ಇನ್ನೂ 81 ಬೇಕು. ಉಳಿದವರು ಬುಮ್ರಾ ಮತ್ತು ಸಿರಾಜ್. ಆಗ ಬೀಸಿ ಔಟಾಗಿದ್ದರೆ ಅಂಗಡಿಯಲ್ಲಿ ಜಗಳ ಇರುತ್ತಿತ್ತಾ? ಎಲ್ಲರೂ ಒಟ್ಟಾಗಿ ಬೈಯುತ್ತಿದ್ದಿರಿ. ಬುಮ್ರಾ 54 ಚೆಂಡು ಆಡಿದರು, ಸಿರಾಜ್ 30. ಅವರನ್ನು ನಂಬಿ ಒಂದೊಂದೇ ರನ್ ಕದ್ದರು ಜಡೇಜ. ನೆರೆ ಬಂದ ಹೊಳೆಯನ್ನು ಮಕ್ಕಳ ಕೈ ಹಿಡಿದು ದಾಟಿಸುವವರು ಹೀಗೇ ನಡೆಯುತ್ತಾರೆ, ಓಡುವುದಿಲ್ಲ.

ಆದರೂ ನಿಮ್ಮ ಗಿರಾಕಿಗಳ ಮಾತಿನಲ್ಲಿ ಒಂದು ಹಿಡಿ ಸತ್ಯ ಇದೆ. ಇಂಗ್ಲೆಂಡ್ ಸ್ಪಿನ್ನರ್ ಬಶೀರ್ ಕೈಬೆರಳು ಮುರಿದುಕೊಂಡೇ ಬೌಲ್ ಮಾಡಲು ಬಂದರು. ಅವರ ಒಂದು ಓವರಿನಲ್ಲಿ ಎರಡು ದೊಡ್ಡ ಹೊಡೆತಕ್ಕೆ ಕೈ ಹಾಕಬಹುದಿತ್ತು ಅಂತ ನನಗೂ ಅನ್ನಿಸಿತು. ಕೊನೆಗೆ ಅದೇ ಬಶೀರ್ ಚೆಂಡನ್ನು ಸಿರಾಜ್ ಸರಿಯಾಗಿಯೇ ತಡೆದರು. ಅದು ಉರುಳಿಕೊಂಡು ಹೋಗಿ ಸ್ಟಂಪಿಗೆ ಮುತ್ತು ಕೊಟ್ಟಿತು. ಹಾಳಾದ್ದು, ಬೇಲ್ ಬಿತ್ತು!

ಸೋತ 22 ರನ್ನನ್ನು ಐದನೇ ದಿನದಲ್ಲೇ ಹುಡುಕಬೇಡಿ. ಮೂರನೇ ದಿನ ಊಟಕ್ಕೆ ಮುಂಚೆ ರಾಹುಲ್ 98ರಲ್ಲಿ ಇದ್ದರು. ಅವರ ಶತಕ ಊಟದೊಳಗೆ ಆಗಲಿ ಅಂತ ಸ್ಟ್ರೈಕ್ ಕೊಡಲು ಹೋಗಿ ಪಂತ್ 74ಕ್ಕೆ ರನ್‌ಔಟ್. ಊಟ ಆದ ಮೇಲೆ ರಾಹುಲ್ ಸರಿಯಾಗಿ 100 ಮಾಡಿ ಹೊರಟರು. ಎರಡೂ ತಂಡ ಮೊದಲ ಇನ್ನಿಂಗ್ಸ್‌ನಲ್ಲಿ 387ಕ್ಕೆ ನಿಂತವು. ಪಂತ್ ಇನ್ನೊಂದು ಗಂಟೆ ಇದ್ದಿದ್ದರೆ? ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಹಾಕಿ ನೋಡಿ. ಇನ್ನೂ ಎರಡು ದಿನ ವ್ಯಾಪಾರ ಹೋಗುತ್ತೆ.

ಪ್ರಶ್ನೆ: ಸ್ಪಿನ್ನರ್ ಕುಲದೀಪ್ ಯಾದವ್ ಅವರಿಗೆ ಐದರಲ್ಲಿ ಒಂದೂ ಟೆಸ್ಟ್ ಇಲ್ಲ. ಸರಿಯೇ?
– ಬ್ಯಾಂಕ್ ಉದ್ಯೋಗಿ, ವಿರಾಜಪೇಟೆ

ಸರಿಯಲ್ಲ. ಲೀಡ್ಸ್‌ನಲ್ಲಿ ಕೊನೆಯ 7 ವಿಕೆಟ್ 41 ರನ್ನಿಗೆ ಹೋದವು, ಎರಡನೇ ಇನ್ನಿಂಗ್ಸ್‌ನಲ್ಲಿ 6 ವಿಕೆಟ್ 31ಕ್ಕೆ. ಆ ಹೆದರಿಕೆ ಕೊನೆವರೆಗೂ ಹೋಗಲಿಲ್ಲ. ಬಾಲಕ್ಕೆ, ಅಂದರೆ ಕೊನೆಯಲ್ಲಿ ಆಡುವವರ ಜಾಗಕ್ಕೂ, ಬ್ಯಾಟ್ ಹಿಡಿಯಬಲ್ಲವರನ್ನೇ ಸೇರಿಸುತ್ತಾ ಹೋದರು. ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ 669 ಹೊಡೆಯುವಾಗ ಕುಲದೀಪ್ ನೀರಿನ ಬಾಟಲಿ ಹಿಡಿದು ಕೂತಿರಬೇಕಿತ್ತೇ? ಆದರೆ ಅದೇ ಪಂದ್ಯ ಉಳಿಸಿದ್ದು ವಾಷಿಂಗ್ಟನ್ ಸುಂದರ್ ಮತ್ತು ಜಡೇಜ ಅವರ ಶತಕಗಳು. ನೋಡಿ, ನನ್ನ ಬಾಯಿ ನಾನೇ ಮುಚ್ಚಿಕೊಂಡೆ.

ಪ್ರಶ್ನೆ: ಮ್ಯಾಂಚೆಸ್ಟರ್ ಪಂದ್ಯದಲ್ಲಿ ಇಂಗ್ಲೆಂಡ್ ನಾಯಕ ಸ್ಟೋಕ್ಸ್ ಡ್ರಾ ಒಪ್ಪಿ ಕೈ ಕುಲುಕಲು ಬಂದರೂ ನಮ್ಮವರು ಆಟ ನಿಲ್ಲಿಸಲಿಲ್ಲ. ಇದು ಮರ್ಯಾದೆಯೇ?
– ನಿವೃತ್ತ ಸುಬೇದಾರರು, ಗೋಣಿಕೊಪ್ಪ

ಜಡೇಜ 89, ಸುಂದರ್ 80ರಲ್ಲಿದ್ದರು ಸಾರ್. ಇಡೀ ದಿನ ಬೆವರು ಸುರಿಸಿದವರು ಶತಕವೆಂಬ ಸಂಬಳ ತೆಗೆದುಕೊಂಡು ಮನೆಗೆ ಹೋದರು. ಅಷ್ಟೇ.

ಪ್ರಶ್ನೆ: ಕೊಡಗಿನಂಥ ಹಾಕಿ ನಾಡಿನಲ್ಲಿ ಕೂತು ಬರೀ ಕ್ರಿಕೆಟ್ ಬರೆಯುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ಆಗಸ್ಟ್ 3ರಂದು ಮದ್ದು ಸೊಪ್ಪಿನ ಪಾಯಸವಾದರೂ ತಿಂದಿರಾ, ಇಲ್ಲ ಆ ಹಾಳು ಮ್ಯಾಚೇ ನೋಡಿದಿರಾ?
– ಗೃಹಿಣಿ, ಸೋಮವಾರಪೇಟೆ

ಎರಡೂ ಮಾಡಿದೆ ತಾಯಿ. ಅದರ ಗುರುತು ಪುಸ್ತಕದಲ್ಲೇ ಇದೆ. ಅವತ್ತು ಓವಲ್‌ನಲ್ಲಿ ನಾಲ್ಕನೇ ದಿನ, ನಮ್ಮಲ್ಲಿ ಕಕ್ಕಡ ತಿಂಗಳ ಹದಿನೆಂಟು, ಮದ್ದು ಸೊಪ್ಪು ತಿನ್ನುವ ದಿನ. ನಮ್ಮವಳು ಬಟ್ಟಲು ತುಂಬಾ ಪಾಯಸ ತಂದಿಟ್ಟಳು, ನೇರಳೆ ಬಣ್ಣದ್ದು, ಮೇಲೆ ತೆಂಗಿನಕಾಯಿ ತುರಿ. ಚಮಚ ಬಾಯಿಗೆ ಹೋಗುವ ಹೊತ್ತಿಗೆ ಇಂಗ್ಲೆಂಡಿನ ಬ್ರೂಕ್ ಎತ್ತಿ ಹೊಡೆದರು. ಸಿರಾಜ್ ಕ್ಯಾಚ್ ಹಿಡಿದರು, ಹಿಡಿದು ಒಂದು ಹೆಜ್ಜೆ ಹಿಂದೆ ಇಟ್ಟು ಬೌಂಡರಿ ಹಗ್ಗ ತುಳಿದರು. ಔಟ್ ಹೋಗಿ ಸಿಕ್ಸರ್! 19ರಲ್ಲಿ ಹೋಗಬೇಕಿದ್ದ ಬ್ರೂಕ್ 111 ಹೊಡೆದರು. ನನ್ನ ಪುಸ್ತಕದಲ್ಲಿ ಬ್ರೂಕ್ ಹೆಸರಿನ ಮುಂದೆ ಒಂದು ನೇರಳೆ ಕಲೆ. ಒರೆಸಿದೆ, ಹೋಗಲಿಲ್ಲ. ಆ ಸೊಪ್ಪಿನ ಬಣ್ಣ ನಿಮಗೆ ಗೊತ್ತೇ ಇದೆ.

ಮರುದಿನ ಇಂಗ್ಲೆಂಡ್‌ಗೆ ಬೇಕಿದ್ದದ್ದು 35 ರನ್. ಮೊದಲ ಎರಡು ಚೆಂಡಿಗೇ ಎರಡು ಫೋರ್. ನಾನು ಪುಸ್ತಕ ಮುಚ್ಚಿದೆ. ನಮ್ಮವಳು, ಹಗ್ಗ ತುಳಿದವನೇ ಗೆಲ್ಲಿಸುತ್ತಾನೆ ಬರೆಯಿರಿ ಅಂದಳು. ಉಳಿದ ನಾಲ್ಕರಲ್ಲಿ ಮೂರು ವಿಕೆಟ್ ಸಿರಾಜ್‌ಗೆ. ಅವಳು ಈಗಲೂ ಅದನ್ನೇ ಹೇಳಿಕೊಂಡು ಓಡಾಡುತ್ತಾಳೆ.

ಹಾಕಿ ವಿಷಯ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದಾಗ ನಾನೂ ನೋಡಲು ಹೋಗಿದ್ದೆ. ನಾಚಿಕೆ ಏನೂ ಇಲ್ಲ. ರಾಬಿನ್ ಉತ್ತಪ್ಪ ಅವರ ತಂದೆ ಹಾಕಿ ಅಂಪೈರ್, ಮಗ ಕ್ರಿಕೆಟ್ ಬ್ಯಾಟ್ ಹಿಡಿದರು. ಇದೇ ಓವಲ್‌ನಲ್ಲಿ 2007ರಲ್ಲಿ ಇಂಗ್ಲೆಂಡ್ ಮೇಲೆ 33 ಚೆಂಡಿಗೆ 47 ಹೊಡೆದು ಏಕದಿನ ಪಂದ್ಯ ಗೆಲ್ಲಿಸಿದರು, ಎರಡು ಚೆಂಡು ಉಳಿದಿತ್ತು. ವೇಗದ ಬೌಲರ್ ಓಡಿ ಬರುವಾಗ ಇವರೇ ಕ್ರೀಸ್ ಬಿಟ್ಟು ಎದುರು ನಡೆಯುತ್ತಿದ್ದರು. ಆ ನಡಿಗೆ ಹಾಕಿ ಮನೆಯಿಂದ ಬಂದದ್ದು ಅಂತ ನಾನು ಹೇಳುತ್ತೇನೆ. ಒಪ್ಪದಿದ್ದರೆ ಬೇಡ.

ಪ್ರಶ್ನೆ: ಮಗನಿಗೆ ಹದಿಮೂರು. ಪಂತ್ ಹಾಗೆ ಬಿದ್ದು ಎದ್ದು ಹೊಡೆಯುತ್ತಾನೆ. ತರಬೇತಿ ಕೊಡುವವರು ರಾಹುಲ್ ಹಾಗೆ ಆಡು ಅಂತ ಬೈಯುತ್ತಾರೆ. ಯಾರ ಮಾತು ಕೇಳಬೇಕು?
– ತಾಯಿ, ಮಡಿಕೇರಿ

ಲೀಡ್ಸ್‌ನಲ್ಲಿ ಪಂತ್ 134 ಮತ್ತು 118 ಹೊಡೆದರಲ್ಲ, ಮಗನ ಜೊತೆ ಕೂತು ಆ ಇನ್ನಿಂಗ್ಸ್ ಮತ್ತೆ ನೋಡಿ. ಬಿದ್ದು ಹೊಡೆದ ಹೊಡೆತಗಳನ್ನು ಬಿಟ್ಟುಬಿಡಿ. ನಡುವೆ ತಡೆದದ್ದನ್ನು, ಬಿಟ್ಟದ್ದನ್ನು ಎಣಿಸಲು ಹೇಳಿ. ಕಾಗದದಲ್ಲಿ ಒಂದೊಂದಕ್ಕೂ ಚುಕ್ಕೆ ಇಡಲಿ. ಪುಟ ತುಂಬುತ್ತೆ. ಹೊಡೆತ ನಿಲ್ಲಿಸು ಅಂತ ಬೈಯಬೇಡಿ, ಕೈ ಕಟ್ಟಿಹೋಗುತ್ತೆ.

ಆಮೇಲೆ ಒಂದು ಹಳೇ ಕಾಲುಚೀಲದಲ್ಲಿ ಚೆಂಡು ಹಾಕಿ ಜಗಲಿಯ ತೊಲೆಗೆ ಕಟ್ಟಿ. ಎತ್ತರ ಅವನ ಮೊಣಕಾಲಿಗೆ ಸರಿಯಾಗಿರಲಿ. ದಿನಕ್ಕೆ ನೂರು ಸಲ, ಚೆಂಡು ಕಣ್ಣಿನ ಕೆಳಗೆ ಬರುವವರೆಗೆ ಕಾದು ತಟ್ಟಲಿ. ರಾಹುಲ್ ಈ ಸರಣಿಯಲ್ಲಿ 532 ರನ್ ಮಾಡಿದ್ದು ಹೀಗೆ ಕಾದು ಆಡಿಯೇ. ಈ ಮಳೆಯಲ್ಲಿ ಮೈದಾನವಂತೂ ಸಿಗುವುದಿಲ್ಲ. ಜಗಲಿಯ ದೀಪ, ಗಾಜು ಮಾತ್ರ ಮೊದಲು ತೆಗೆದಿಡಿ. ನಮ್ಮ ಮನೆಯದ್ದು ಎರಡು ಹೋಗಿದೆ.