ಸೋರಿದ್ದು ಮೇಲೆ, ಬಿದ್ದದ್ದು ಕೆಳಗೆ

ಪ್ರಶ್ನೆ: ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ಓಡಿಸುತ್ತಿದ್ದ ಕಾರು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗಳದ ಇಂಟರ್‌ಲಾಕ್ ಮೇಲೆ ನೀರ್‌ದೋಸೆಯಷ್ಟು ಅಗಲ ಎಂಜಿನ್ ಆಯಿಲ್. ಎಂಜಿನ್ನಿನ ಹಿಂದಿನ ತುದಿಯ ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಬಳೆ) ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇಳಿಸಲೇಬೇಕಾ?
– ಓದುಗರು, ಕುಂಜಿಬೆಟ್ಟು

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ರೆ. ನಾನು ಕೆಲಸ ಕಲಿಯುವಾಗ ಇದೇ ರೀತಿ, ನಿಮ್ಮ ಪದ್ಮಿನಿಯ ಜಾತಿಯದ್ದೇ ಒಂದು ಫಿಯೆಟ್‌ನ ಗೇರ್ ಬಾಕ್ಸ್ ಇಳಿಸಿದ್ದೆ. ಕ್ಲಚ್ ಬಿಚ್ಚಿ, ಹೊಸ ಸೀಲ್ ಹೊಡೆದು, ಎರಡು ದಿನ ಕಾರಿನಡಿ ಮಲಗಿದ್ದೇ ಬಂತು. ಮೂರನೇ ದಿನ ಅದೇ ಜಾಗದಲ್ಲಿ ಅದೇ ಎಣ್ಣೆ. ಸೋರುತ್ತಿದ್ದದ್ದು ಮೇಲೆ, ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮೇಲಿನ ತಗಡಿನ ಮುಚ್ಚಳ) ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಬ್ಲಾಕಿನ ಬೆನ್ನು ಸವರಿಕೊಂಡು ಇಳಿದು ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಚಿಪ್ಪು) ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ನಮ್ಮ ಹಂಚಿನ ಮನೆಗಳಲ್ಲಿ ಒಡೆದ ಹಂಚು ಒಂದು ಕಡೆ, ನೀರು ಪಕ್ಕಾಸು ಹಿಡಿದು ಹರಿದು ಬೀಳುವುದು ಇನ್ನೊಂದು ಕಡೆ ಅಲ್ವಾ, ಹಾಗೆ.

ಮೊದಲು ಎಂಜಿನ್ ತೊಳೆಯಿರಿ. ಡಿಸ್ಟ್ರಿಬ್ಯೂಟರ್‌ಗೂ ಕಾರ್ಬ್ಯುರೇಟರ್‌ಗೂ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ, ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಹಾಕಿ ಬ್ರಷ್‌ನಲ್ಲಿ ತಿಕ್ಕಿ. ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಮನೆಯವರು ನಗಲಿ, ಬಿಡಿ. ಮಣಿಪಾಲದ ಏರು ಒಮ್ಮೆ ಹತ್ತಿ ಇಳಿದು ಬಂದು, ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ, ಕಳ್ಳ ಅಲ್ಲಿದ್ದಾನೆ. ಟ್ಯಾಪೆಟ್ ಕವರ್, ಪೆಟ್ರೋಲ್ ಪಂಪಿನ ಪ್ಯಾಕಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಇವನ್ನೆಲ್ಲ ನೋಡಿದ ಮೇಲೆಯೇ ಕೆಳಗಿನ ಚೇಂಬರ್, ಅಂದರೆ ಎಣ್ಣೆ ನಿಲ್ಲುವ ತೊಟ್ಟಿ. ಮುಂದಿನ ಸೀಲ್ ಸೋರಿದರೆ ಗೊತ್ತಾಗುವುದು ಸುಲಭ. ಪುಲ್ಲಿ ತಿರುಗುವಾಗ ಸುತ್ತಲೂ ಎಣ್ಣೆಯ ಗೀರು ಎರಚಿರುತ್ತದೆ. ಅಲ್ಲಿ ಹೊಸ ಸೀಲ್ ಹಾಕುವ ಮೊದಲು ಪುಲ್ಲಿಯ ಕತ್ತನ್ನು ಉಗುರಿನಲ್ಲಿ ಕೆರೆದು ನೋಡಿ. ಹಳೆ ಸೀಲ್ ಉಜ್ಜಿ ಗೆರೆ ಬಿದ್ದಿದ್ದರೆ ಹೊಸದೂ ಸೋರುತ್ತದೆ.

ಟ್ಯಾಪೆಟ್ ಕವರಿನದ್ದೇ ಆದರೆ ಕೆಲಸ ಚಿಕ್ಕದು. ಆದರೆ ಜನ ಹಾಳು ಮಾಡುವುದೂ ಅದನ್ನೇ. ಬಿಗಿ ಮಾಡಿದಷ್ಟೂ ಸೋರುವುದು ನಿಲ್ಲುತ್ತದೆ ಎಂದು ಪಾನಾ ತಿರುಗಿಸುತ್ತಲೇ ಇರುತ್ತಾರೆ. ಕವರಿನಡಿಯ ಕಾರ್ಕ್ ಪ್ಯಾಕಿಂಗ್ ಹಿಂಡಿ ಹೊರಗೆ ಬರುತ್ತದೆ, ಕವರಿನ ತಗಡು ತೂತಿನ ಹತ್ತಿರ ಕುಳಿ ಬೀಳುತ್ತದೆ. ಕವರನ್ನು ಗಾಜಿನ ಮೇಲೆ ಬೋರಲು ಇಡಿ. ಅಲ್ಲಾಡಿದರೆ ಹಲಗೆ ಕೊಟ್ಟು ಮೆಲ್ಲ ಬಡಿದು ಸರಿ ಮಾಡಿ. ಪದ್ಮಿನಿ ತಯಾರಿಕೆ ನಿಂತು 20 ವರ್ಷದ ಮೇಲಾಯಿತು, ಅಂಗಡಿಯಲ್ಲಿ ಸಿಗುವ ಪ್ಯಾಕಿಂಗ್ ಎಷ್ಟು ಕಾಲ ಮೊಳೆಯಲ್ಲಿ ನೇತಾಡಿತ್ತೋ ಏನೋ. ಒಣಗಿ ಕುಗ್ಗಿದ ಕಾರ್ಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಮೊದಲಿನ ಅಳತೆಗೆ ಬರುತ್ತದೆ. ಒರೆಸಿ ಕೂರಿಸಿ. ಸಿಲಿಕಾನ್ ಪೇಸ್ಟನ್ನು ಕ್ರೀಮ್ ಕೇಕಿನ ಹಾಗೆ ಮೆತ್ತಬೇಡಿ. ಒಳಕ್ಕೆ ಹಿಂಡಿದ್ದು ಕಿತ್ತು ಹೋಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಯಿತು.

ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿ ಹೊರಬರುವ ಕೊಳವೆ) ಕಳಚಿ ಊದಿ ನೋಡಲು ಮರೆಯಬೇಡಿ. ಅದು ಕಟ್ಟಿದ್ದರೆ ಒಳಗಿನ ಗಾಳಿಗೆ ದಾರಿ ಇಲ್ಲ, ಸಿಕ್ಕ ಸಂದಿನಲ್ಲಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಬ್ರೀದರ್ ಸರಿ ಇದ್ದೂ, ಐಡಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬಂತಾ? ಹಾಗಾದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಬರೀ ಪ್ಯಾಕಿಂಗ್ ಬದಲಿಸುವುದು ಸುಮ್ನೆ ದುಡ್ಡು ದಂಡ.

ಮೇಲೆಲ್ಲ ಒಣಗಿದ್ದು, ಬೆಲ್ ಹೌಸಿಂಗ್ ಮಾತ್ರ ಒದ್ದೆ ಇದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು. ಆಗುಂಬೆ ಘಾಟಿಯಲ್ಲಿ ಎಂಜಿನ್ ಮಾತ್ರ ಕೂಗಿ ಕಾರು ಏರದಿದ್ದರೆ ಕ್ಲಚ್ ಪ್ಲೇಟಿಗೂ ಎಣ್ಣೆ ತಾಗಿರಬಹುದು. ಆಗ ಇಳಿಸಿ. ಅದಕ್ಕೂ ಮೊದಲು ಒಂದು ತೊಟ್ಟು ಬೆರಳಿಗೆ ಹಚ್ಚಿ ಮೂಸಿ. ಮಂದವಾಗಿ ಗಂಧಕದ ವಾಸನೆ ಬಂದರೆ ಅದು ಗೇರ್ ಆಯಿಲ್, ಎಂಜಿನ್‌ನದ್ದಲ್ಲ.

ಅಂಗಳದ ಕಲೆಗೆ ಮರದ ಹುಡಿ ಹಾಕಿ ಒಂದು ರಾತ್ರಿ ಬಿಡಿ.

ಪ್ರಶ್ನೆ: ಮಗನ ಹೊಸ ಕಾರಿನ 5ಡಬ್ಲ್ಯು-30 ಸಿಂಥೆಟಿಕ್ ಆಯಿಲ್ ಉಳಿದಿತ್ತೆಂದು ನನ್ನ ಪದ್ಮಿನಿಗೆ ಹಾಕಿದೆ. ಸೋರಿಕೆ ಜಾಸ್ತಿಯಾಯಿತು.
– ಓದುಗರು, ಸುರತ್ಕಲ್

ಉತ್ತರ: ಆಗದೆ ಇರುತ್ತದಾ! ಅದು ತೆಳು, ಹಳೆ ಎಂಜಿನ್ನಿನ ಸಂದುಗೊಂದಿಗಳಲ್ಲಿ ನುಸುಳುತ್ತದೆ. ತೆಗೆದು 20ಡಬ್ಲ್ಯು-40 ಹಾಕಿ. ನಮ್ಮ ಕರಾವಳಿಯ ಸೆಕೆಗೆ ಅದೇ ಸಾಕು.

ಪ್ರಶ್ನೆ: ನನ್ನದು ಉಲ್ಟಾ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದೆ, ಆದರೂ ಕೆಳಗೆ ಸೋರುತ್ತದೆ. ಇದೆಂಥ ಪವಾಡ?
– ಓದುಗರು, ಕಾಪು

ಉತ್ತರ: ಡಿಪ್ ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಪರದೆ) ಹರಿದಿರಬಹುದು. ಪೆಟ್ರೋಲ್ ಚೇಂಬರಿಗೆ ಇಳಿದು ಆಯಿಲ್ ನೀರಾಗಿದೆ. ಪಂಪ್ ರಿಪೇರಿ ಮಾಡಿಸಿ, ಆಯಿಲ್ ಪೂರ್ತಿ ಬದಲಿಸುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ. ಮೂಸುವಾಗ ಕೈಯಲ್ಲಿ ಬೀಡಿ ಬೇಡ.